ಮ್ಯಾನೇಜರ್ ಸಾಹೇಬರ ನಾಲಿಗೆ

ಮಕ್ಕಳೇ, ಮಳೆ ಹಿಡಿದಾಗಿನಿಂದ ನಮ್ಮ ಮನೆಗೆ ದಿನಾ ಸಂಜೆ ಒಬ್ಬರು ಬರುತ್ತಿದ್ದಾರೆ. ಏಳು ಗಂಟೆಗೆ ನಾನು ಗೇಟಿನ ಕಂಬದ ದೀಪ ಹಾಕುತ್ತೇನೆ. ಏಳೂಕಾಲಿಗೆ ಅವರು ತುಳಸಿಕಟ್ಟೆಯ ಸಂದಿಯಿಂದ ಹೊರಬಂದು, ದೀಪದ ಕೆಳಗೆ ಹೊಟ್ಟೆ ಊರಿ ಕೂತುಬಿಡುತ್ತಾರೆ. ಮೈತುಂಬ ಗುಳ್ಳೆ, ಕತ್ತೇ ಇಲ್ಲದ ದಪ್ಪ ತಲೆ, ಯಾರು ಬಂದರೂ ಏಳದ ಗತ್ತು. ನಾಲ್ಕನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿ ಅವರಿಗೆ ‘ಮ್ಯಾನೇಜರ್’ ಎಂದು ಹೆಸರಿಟ್ಟಿದ್ದಾಳೆ. ಅವಳ ಅಪ್ಪನ ಆಫೀಸಿನಲ್ಲಿ ಹೀಗೇ ಕೂರುವವರು ಒಬ್ಬರಿದ್ದಾರಂತೆ. ಅವರು ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮ್ಯಾನೇಜರ್ ಅಂದರೆ ಒಂದು ನೆಲಗಪ್ಪೆ. ಕೆರೆಯಲ್ಲಿ ಚಂಗನೆ ಹಾರುವ ನುಣುಪು ಮೈಯ ಕಪ್ಪೆಯಲ್ಲ. ಒರಟು ಚರ್ಮದ, ಕುಪ್ಪಳಿಸುವುದಕ್ಕೂ ಸೋಮಾರಿತನ ಮಾಡುವ, ಬಚ್ಚಲ ಮೂಲೆಯಲ್ಲೋ ಹೂಕುಂಡದ ಅಡಿಯಲ್ಲೋ ಹಗಲೆಲ್ಲ ನಿದ್ದೆ ಹೊಡೆಯುವ ಕಪ್ಪೆ. ನೀವೆಲ್ಲ ನೋಡಿಯೇ ಇರುತ್ತೀರಿ.

ಹೋದ ಮಂಗಳವಾರ ಬೆಳಿಗ್ಗೆ ಸ್ಕೂಲಿನ ವ್ಯಾನ್ ಹತ್ತಲು ಹೋದ ಪುಟ್ಟಿ ಅಳುತ್ತಾ ವಾಪಸ್ ಬಂದಳು. ಗೇಟಿನ ಎದುರು ರಸ್ತೆಯಲ್ಲಿ ಒಂದು ನೆಲಗಪ್ಪೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ರಾತ್ರಿ ಯಾವುದೋ ಸ್ಕೂಟರೋ ಕಾರೋ ಹರಿದಿರಬೇಕು. ಅದು ಮ್ಯಾನೇಜರೇ ಎಂದು ನಾವಿಬ್ಬರೂ ತೀರ್ಮಾನಿಸಿಬಿಟ್ಟೆವು. ಆದರೆ ಅವತ್ತು ಸಂಜೆ ಏಳೂಕಾಲಿಗೆ ಸಾಹೇಬರು ಸಂದಿಯಿಂದ ಬಂದರು, ಕೂತರು. ಸತ್ತದ್ದು ಬೇರೆ ಯಾವುದೋ ಕಪ್ಪೆ.

ಪುಟ್ಟಿಯ ಮುಖ ಅರಳಿದ್ದು ಎರಡೇ ನಿಮಿಷ. ಆಮೇಲೆ ಗಂಭೀರವಾಗಿ ಹೇಳಿದಳು, “ಅಜ್ಜ, ಇನ್ಮೇಲೆ ಮ್ಯಾನೇಜರ್ ಮನೆ ಒಳಗೇ ಇರ್ಬೇಕು. ಅಟ್ಟದ ಮೇಲೆ ಹಳೇ ಮೀನಿನ ತೊಟ್ಟಿ ಇದೆಯಲ್ಲ, ಅದರಲ್ಲಿ ಇಡೋಣ. ಊಟದ ವ್ಯವಸ್ಥೆ ನಾನು ಆಗಲೇ ಮಾಡಿದೀನಿ.”

ಊಟದ ವ್ಯವಸ್ಥೆ ಒಂದು ತೆಂಗಿನ ಗೆರಟೆಯಲ್ಲಿತ್ತು. ಹಿಂದಿನ ರಾತ್ರಿ ದೀಪಕ್ಕೆ ಮುತ್ತಿ, ರೆಕ್ಕೆ ಉದುರಿಸಿಕೊಂಡು ಸತ್ತಿದ್ದ ಮಳೆಹುಳುಗಳನ್ನು, ಅಂದರೆ ರೆಕ್ಕೆ ಬಂದ ಗೆದ್ದಲನ್ನು, ಒಂದು ಹಿಡಿಯಷ್ಟು ಗುಡಿಸಿ ತುಂಬಿಟ್ಟಿದ್ದಳು. ಆ ಗೆರಟೆ ನೋಡಿದ್ದೇ ನನ್ನ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಹುಳ ಕಂಡು ಅಲ್ಲ. ಅರವತ್ತು ವರ್ಷದ ಹಿಂದಿನ ಒಂದು ತಗಡಿನ ಡಬ್ಬ ನೆನಪಾಯಿತು. ಆ ಕಥೆಯನ್ನು ನಾನು ಪುಟ್ಟಿಯ ಅಜ್ಜಿಗೂ ಹೇಳಿರಲಿಲ್ಲ. ಅವತ್ತು ಜಗಲಿಯ ಮೇಲೆ ಕೂತು ಇಬ್ಬರಿಗೂ ಹೇಳಿದೆ.

ಅದು 1964ರ ಬೇಸಿಗೆ ರಜೆ. ನನಗೆ ಒಂಬತ್ತು ವರ್ಷ. ಮಲೆನಾಡಿನ ನಮ್ಮ ಹಳೇ ಮನೆಯ ಬಚ್ಚಲಲ್ಲಿ, ಹಂಡೆಯ ಒಲೆಯ ಹಿಂದಿನ ತಂಪಿನಲ್ಲಿ, ಎರಡು ನೆಲಗಪ್ಪೆಗಳಿದ್ದವು. ಸ್ನಾನಕ್ಕೆ ಹೋದಾಗೆಲ್ಲ ಅವು ಕಾಲಿಗೆ ಸಿಗುತ್ತಿದ್ದವು. ಒಂದು ದಿನ ನಮ್ಮ ದೊಡ್ಡಪ್ಪ ಕತ್ತಲಲ್ಲಿ ಒಂದನ್ನು ತುಳಿಯುವುದರಲ್ಲಿದ್ದರು. ಹೊರಬಂದವರೇ, “ನಾಳೆ ಇವಕ್ಕೆ ಒಂದು ಹಿಡಿ ಉಪ್ಪು ಹಾಕಿ ಓಡಿಸ್ತೇನೆ” ಅಂದರು. ಆಗೆಲ್ಲ ಹಾಗೆ ಮಾಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ. ಕಪ್ಪೆಯ ಚರ್ಮ ನಮ್ಮ ಚರ್ಮದ ಹಾಗಲ್ಲ. ಅದು ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ಅದರ ಮೇಲೆ ಉಪ್ಪು ಬಿದ್ದರೆ ಒಳಗಿನ ನೀರನ್ನೆಲ್ಲ ಉಪ್ಪು ಎಳೆದುಕೊಳ್ಳುತ್ತದೆ. ಮೈಗೆ ಬೆಂಕಿ ಬಿದ್ದ ಹಾಗೆ. ಇಷ್ಟು ವಿಜ್ಞಾನ ಆಗ ನನಗೆ ಗೊತ್ತಿರಲಿಲ್ಲ. ಉಪ್ಪು ಹಾಕಿದ ಜಿಗಣೆ ಹೇಗೆ ಒದ್ದಾಡುತ್ತದೆ ಎಂದು ಮಾತ್ರ ನೋಡಿದ್ದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಎರಡನ್ನೂ ಹಿಡಿದು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹಾಕಿದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ. ಸೀಸೆಯ ಮುಚ್ಚಳವೊಂದರಲ್ಲಿ ಕುಡಿಯಲು ನೀರಿಟ್ಟೆ. ಡಬ್ಬ ಅಟ್ಟ ಸೇರಿತು. ದಿನಾ ಕೊಟ್ಟಿಗೆಗೆ ಹೋಗಿ, ಅಡಿಕೆ ಹಾಳೆಯ ತುಂಡಿನಿಂದ ನೊಣ ಹೊಡೆದು, ಇಪ್ಪತ್ತೋ ಮೂವತ್ತೋ ಆದ ಮೇಲೆ ಡಬ್ಬಕ್ಕೆ ಸುರಿಯುತ್ತಿದ್ದೆ. ಒಂದನ್ನೂ ಅವು ಮುಟ್ಟಲಿಲ್ಲ. ನೊಣ ಇಷ್ಟವಿಲ್ಲವೇನೋ ಎಂದು ಮೊಸರನ್ನ ಇಟ್ಟೆ. ಬೆಲ್ಲ ಇಟ್ಟೆ. ನೊಣಗಳ ರಾಶಿಯ ನಡುವೆ ಎರಡೂ ಸುಮ್ಮನೆ ಕೂತಿದ್ದವು, ಊಟಕ್ಕೆ ಕರೆದರೂ ಮುನಿಸಿಕೊಂಡು ಏಳದ ನೆಂಟರ ಹಾಗೆ.

ಏಪ್ರಿಲ್ ತಿಂಗಳು, ಹೆಂಚಿನ ಕೆಳಗಿನ ಅಟ್ಟ, ತಗಡಿನ ಡಬ್ಬ. ಆರನೇ ದಿನ ಮುಚ್ಚಳ ತೆಗೆದಾಗ ಒಂದು ಕಪ್ಪೆ ಸತ್ತು ಒಣಗಿತ್ತು. ಅದರ ಮೂತಿಯ ಮುಂದೆಯೇ ಐದಾರು ನೊಣ ಬಿದ್ದಿದ್ದವು.

ನಾನು ಅತ್ತದ್ದು ಕೇಳಿ ನನ್ನ ಅಜ್ಜಿ ಏಣಿ ಹತ್ತಿ ಬಂದಳು. ಬೈಯಲಿಲ್ಲ. ಡಬ್ಬ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಬದುಕಿದ್ದದ್ದನ್ನು ಬಚ್ಚಲ ನೀರು ಹರಿಯುವ ಬಾಳೆಬುಡದಲ್ಲಿ ಬಿಟ್ಟು, ಮೇಲೆ ಒಂದು ಚೆಂಬು ನೀರು ಹೊಯ್ದಳು. ಅದು ಕಾಲು ಚಾಚಿ ಒದ್ದೆ ಮಣ್ಣಿಗೆ ಹೊಟ್ಟೆ ಅಂಟಿಸಿ ಬಹಳ ಹೊತ್ತು ಹಾಗೇ ಇತ್ತು. ನಾನು ಮೂಗು ಒರೆಸಿಕೊಳ್ಳುತ್ತಾ ಅಲ್ಲೇ ಕೂತಿದ್ದೆ. ಎದುರಿನಿಂದ ಒಂದು ಕಟ್ಟಿರುವೆ ಹಾದುಹೋಯಿತು. ಕಪ್ಪೆ ತಲೆ ಸ್ವಲ್ಪ ಬಗ್ಗಿಸಿತು. ಚಟ್ ಎಂದಿತು. ಇರುವೆ ಇಲ್ಲ!

ಮೂವತ್ತು ಕೊಬ್ಬಿದ ನೊಣ ಬೇಡ, ಒಂದು ಬಡಕಲು ಇರುವೆ ಬೇಕು! ಅದು ನನಗೆ ಆಗ ಅರ್ಥವಾಗಲೇ ಇಲ್ಲ.

ಕಥೆ ಮುಗಿದ ಮೇಲೆ ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಜ್ಜ, ಆ ಸತ್ತ ಕಪ್ಪೆಗೆ ನಿನ್ನ ಮೇಲೆ ಸಿಟ್ಟು ಬಂದಿತ್ತಾ?” ಅಂದಳು.

“ಗೊತ್ತಿಲ್ಲ ಮಗಾ” ಅಂದೆ. ಅವಳ ಅಜ್ಜಿ ಒಳಗೆ ಹೋಗಿ ನನಗೆ ಒಂದು ಲೋಟ ಕಾಫಿ ತಂದುಕೊಟ್ಟಳು. ರಾತ್ರಿ ಹೊತ್ತು ಕಾಫಿ ಕೊಡುವವಳಲ್ಲ ಅವಳು.

ಆಮೇಲೆ ನಾವು ಮ್ಯಾನೇಜರ್ ಮೇಲೆ ಒಂದು ಪರೀಕ್ಷೆ ಮಾಡಿದೆವು. ಗೆರಟೆಯಿಂದ ಸತ್ತ ಹುಳವೊಂದನ್ನು ತೆಗೆದು ಅವರ ಮೂತಿಯಿಂದ ಒಂದು ಗೇಣು ದೂರದಲ್ಲಿಟ್ಟೆವು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಸಾಹೇಬರು ಅದರ ಕಡೆ ನೋಡಲೂ ಇಲ್ಲ. ಆಮೇಲೆ ಪುಟ್ಟಿ ಉದ್ದನೆಯ ತೆಂಗಿನ ಕಡ್ಡಿ ತೆಗೆದುಕೊಂಡು, ಹುಳದ ಹಿಂದಿನಿಂದ ಮೆಲ್ಲಗೆ ತಳ್ಳಿದಳು. ಹುಳ ಒಂದು ಬೆರಳಿನಷ್ಟು ಸರಿಯಿತು. ಮ್ಯಾನೇಜರ್ ತಿರುಗಿದರು. ಇನ್ನೊಂದು ಬೆರಳು ಸರಿಯಿತು. ಅವರು ಮುಂಗಾಲ ಮೇಲೆ ಎದ್ದು, ತಲೆ ಬಗ್ಗಿಸಿ, ಹಿಂಗಾಲಿನ ಬೆರಳೊಂದನ್ನು ನಡುಗಿಸತೊಡಗಿದರು. ಮೂರನೇ ಸಲ ಸರಿದದ್ದಷ್ಟೇ, ಚಟ್!

ಅದೇ ಸತ್ತ ಹುಳ. ಹತ್ತು ನಿಮಿಷದ ಹಿಂದೆ ಅದು ಊಟವಲ್ಲ, ಅಲುಗಾಡಿದಾಗ ಊಟ.

ನಾನು ಅಟ್ಟಕ್ಕೆ ನೊಣ ಹೊರುತ್ತಿದ್ದಾಗ ಇದರ ಉತ್ತರ ಪುಸ್ತಕದಲ್ಲಿ ಬಂದು ಐದು ವರ್ಷವಾಗಿತ್ತು ಎಂದು ಬಹಳ ಕಾಲದ ಮೇಲೆ ತಿಳಿಯಿತು. 1959ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಲೆಟ್ವಿನ್ ಮತ್ತು ಮೂವರು ಸಂಗಡಿಗರು ಕಪ್ಪೆಯ ಕಣ್ಣಿನ ನರದಲ್ಲಿ ಹೋಗುವ ಸಂಕೇತಗಳನ್ನು ಅಳೆದು ಒಂದು ಲೇಖನ ಬರೆದರು. ಕಪ್ಪೆಯ ಕಣ್ಣು ಮಿದುಳಿಗೆ ಏನು ಹೇಳುತ್ತದೆ ಎಂಬುದೇ ಅದರ ತಲೆಬರಹ. ಸಣ್ಣದೊಂದು ಕಪ್ಪು ಚುಕ್ಕೆ ಕಣ್ಣೆದುರು ಚಲಿಸಿದರೆ ಮಾತ್ರ ಜೋರಾಗಿ ಮಿಡಿಯುವ ನರದ ಎಳೆಗಳು ಕಪ್ಪೆಯ ಕಣ್ಣಿನಲ್ಲಿವೆ. ಸುತ್ತಲೂ ಊಟ ಬಿದ್ದಿದ್ದರೂ ಅದು ಅಲುಗಾಡದಿದ್ದರೆ ಕಪ್ಪೆ ಹಸಿದೇ ಸಾಯುತ್ತದೆ ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮೂರಿಗೆ ಆಗ ಕರೆಂಟೇ ಬಂದಿರಲಿಲ್ಲ, ಎಂಐಟಿಯ ಲೇಖನ ಎಲ್ಲಿಂದ ಬರಬೇಕು!

ಜರ್ಮನಿಯ ಯೋರ್ಗ್-ಪೀಟರ್ ಎವರ್ಟ್ ಎಂಬ ವಿಜ್ಞಾನಿ ನೆಲಗಪ್ಪೆಗಳಿಗೆ ರಟ್ಟಿನ ಪಟ್ಟಿಗಳನ್ನು ತೋರಿಸಿ ಇನ್ನೂ ಮುಂದಕ್ಕೆ ಹೋದರು. ಪಟ್ಟಿಯನ್ನು ಉದ್ದುದ್ದಕ್ಕೆ ಎಳೆದರೆ, ಹುಳ ತೆವಳಿದ ಹಾಗೆ, ಕಪ್ಪೆ ಬೇಟೆಗೆ ಬರುತ್ತದೆ. ಅದೇ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಸರಿಸಿದರೆ ಬರುವುದಿಲ್ಲ. ರಟ್ಟು ಅದೇ, ಬಣ್ಣ ಅದೇ.

ಪುಟ್ಟಿ ಇದಕ್ಕೆ ಸರಿಜೋಡಿಯಾದ ಸಾಕ್ಷಿಯೊಂದನ್ನು ಅಪ್ಪನ ಫೋನಿನಲ್ಲಿ ತೋರಿಸಿದಳು. ಯಾರೋ ಇರುವೆ ಹೊಸಕುವ ಆಟ ಹಾಕಿ ಫೋನನ್ನು ಕಪ್ಪೆಯ ಮುಂದೆ ಇಟ್ಟಿದ್ದಾರೆ. ಗಾಜಿನೊಳಗೆ ಇರುವೆಗಳು ಓಡುತ್ತಿವೆ, ಕಪ್ಪೆ ಪಟಪಟನೆ ನಾಲಿಗೆಯಿಂದ ಗಾಜಿಗೆ ಹೊಡೆಯುತ್ತಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಮನಸ್ಸಿನಲ್ಲಿ, ಇಲ್ಲದ ಇರುವೆಗೆ ನಾಲಿಗೆ ಚಾಚುವ ಇದು, ಇದ್ದ ನೊಣಗಳ ನಡುವೆ ಹಸಿದು ಕೂತ ಅದು ಎಂದುಕೊಂಡೆ.

ಈಗ ಆ ‘ಚಟ್’ ವಿಷಯಕ್ಕೆ ಬರೋಣ.

ನೀವು ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನೋಡಿ. ನಿಮ್ಮ ನಾಲಿಗೆಯ ಬುಡ ಗಂಟಲ ಕಡೆಗಿದೆ, ತುದಿ ಹಲ್ಲಿನ ಕಡೆಗಿದೆ. ಕಪ್ಪೆಯದು ತಿರುವುಮುರುವು. ಅದರ ನಾಲಿಗೆಯ ಬುಡ ಕೆಳದವಡೆಯ ಮುಂತುದಿಗೆ ಅಂಟಿಕೊಂಡಿದೆ, ತುದಿ ಗಂಟಲ ಕಡೆಗೆ ಮಡಚಿ ಮಲಗಿದೆ. ದವಡೆ ದಢಕ್ಕನೆ ಕೆಳಗೆ ಬಿದ್ದಾಗ ಆ ನಾಲಿಗೆ, ಒದ್ದೆ ಟವೆಲನ್ನು ಝಾಡಿಸಿದ ಹಾಗೆ, ಹಿಂದಿನಿಂದ ಮುಂದಕ್ಕೆ ಪಲ್ಟಿ ಹೊಡೆದು ಹೊರಕ್ಕೆ ಚಿಮ್ಮುತ್ತದೆ. ಚಿತ್ರಕಥೆಗಳಲ್ಲಿ ಬರೆಯುವ ಹಾಗೆ ಮೊಳದುದ್ದದ ಹಗ್ಗವಲ್ಲ ಅದು. ಸಾಮಾನ್ಯವಾಗಿ ಮೈಯ ಮೂರನೇ ಒಂದು ಭಾಗದಷ್ಟು ಉದ್ದ.

ವೇಗ ನೋಡಿ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಅಲೆಕ್ಸಿಸ್ ನೋಯೆಲ್ ಎಂಬ ಸಂಶೋಧಕಿ ಮತ್ತು ಅವರ ಗುರು ಡೇವಿಡ್ ಹು ಮೊದಲಾದವರು ಕಪ್ಪೆಯ ನಾಲಿಗೆಯ ಬಗ್ಗೆ 2017ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕಪ್ಪೆ ಹುಳ ಹಿಡಿಯಲು 0.07 ಸೆಕೆಂಡ್ ಕೂಡ ಬೇಡ. ನಾವು ಕಣ್ಣು ಮಿಟುಕಿಸುವುದರೊಳಗೆ ಅದು ಐದು ಸಲ ಊಟ ಮುಗಿಸಬಹುದು. ಪುಟ್ಟಿಯ ಅಪ್ಪನ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸೌಕರ್ಯವಿದೆ. ನಾವು ಅದರಲ್ಲಿ ಮ್ಯಾನೇಜರ್ ಊಟವನ್ನು ಹಿಡಿದು, ಒಂದೊಂದೇ ಚಿತ್ರ ಸರಿಸುತ್ತಾ ಎಣಿಸಿದೆವು. ಬಾಯಿ ತೆರೆದಲ್ಲಿಂದ ಮುಚ್ಚುವವರೆಗೆ ಇಪ್ಪತ್ತರ ಆಸುಪಾಸು ಚಿತ್ರ. ಒಂದರಲ್ಲಿ ಮಾತ್ರ ನಾಲಿಗೆ ಪೂರ್ತಿ ಹೊರಗಿತ್ತು: ತಿಳಿಗುಲಾಬಿ ಬಣ್ಣದ, ಹಪ್ಪಳದ ಹಿಟ್ಟಿನ ಹಾಗೆ ಎಳೆದುಕೊಂಡ ಒಂದು ಪಟ್ಟಿ. ಅದರ ತುದಿಯಲ್ಲಿ ಹುಳ ಮುಳುಗಿಯೇ ಹೋಗಿತ್ತು.

ಮುಳುಗಿಹೋಗಿತ್ತು ಅಂದೆನಲ್ಲ, ಗುಟ್ಟಿನ ಅರ್ಧ ಅಲ್ಲಿದೆ. ಕಪ್ಪೆಯ ನಾಲಿಗೆ ನಮ್ಮ ನಾಲಿಗೆಗಿಂತ ಸುಮಾರು 10 ಪಟ್ಟು ಮೆತ್ತಗೆ. ಹೆಚ್ಚುಕಡಿಮೆ ಮಿದುಳಿನಷ್ಟು ಮೆತ್ತಗೆ ಎನ್ನುತ್ತಾರೆ. ಗಟ್ಟಿ ವಸ್ತು ಹುಳಕ್ಕೆ ಬಡಿದರೆ ಹುಳ ಪುಟಿದು ಹಾರುತ್ತದೆ. ಮೆತ್ತಗಿನ ನಾಲಿಗೆ ಬಡಿದರೆ ಅದು ಹುಳದ ಸುತ್ತ ಹರಡಿ, ಕಾಲು, ರೆಕ್ಕೆ, ಸಂದಿ ಎಲ್ಲವನ್ನೂ ಅಪ್ಪಿಕೊಳ್ಳುತ್ತದೆ. ಹಿಂದಕ್ಕೆ ಎಳೆಯುವಾಗಲೂ ರಬ್ಬರಿನ ಹಾಗೆ ಸ್ವಲ್ಪ ಜಗ್ಗಿ, ಜರ್ಕನ್ನು ತಾನೇ ನುಂಗಿಕೊಳ್ಳುತ್ತದೆ. ಇಲ್ಲದಿದ್ದರೆ ಅಷ್ಟು ರಭಸಕ್ಕೆ ಹುಳ ಕಳಚಿ ಬೀಳಬೇಕಿತ್ತು.

ಇನ್ನರ್ಧ ಗುಟ್ಟು ಎಂಜಲಿನಲ್ಲಿದೆ. ಅಜ್ಜಿಯಂದಿರೇ, ಹಲಸಿನ ಹಣ್ಣು ಕೊಯ್ಯುವುದನ್ನು ನೆನಪಿಸಿಕೊಳ್ಳಿ. ಕೈಗೆ ಮೇಣ ಹತ್ತಿದರೆ ಬಿಡುವುದುಂಟೆ? ಅದಕ್ಕೇ ಮೊದಲೇ ಕೈಗೂ ಕತ್ತಿಗೂ ಕೊಬ್ಬರಿಎಣ್ಣೆ ಸವರಿಕೊಳ್ಳುತ್ತೀರಿ. ಕಪ್ಪೆಯ ಎಂಜಲು ಹಲಸಿನ ಮೇಣದ ಹಾಗಿದ್ದಿದ್ದರೆ ಹುಳ ನಾಲಿಗೆಗೆ ಅಂಟುತ್ತಿತ್ತು, ಸರಿ. ಆದರೆ ಆಮೇಲೆ ನುಂಗುವುದು ಹೇಗೆ? ಹುಳ ನಾಲಿಗೆಯ ಮೇಲೆಯೇ ಉಳಿದು ಕಪ್ಪೆ ಉಪವಾಸ ಬೀಳುತ್ತಿತ್ತು.

ಅಲೆಕ್ಸಿಸ್ ನೋಯೆಲ್ ಕಪ್ಪೆಗಳ ನಾಲಿಗೆಯನ್ನು ಕೆರೆದು ಎಂಜಲು ಒಟ್ಟು ಮಾಡಿ ಪರೀಕ್ಷಿಸಿದರು. ಎಂಥ ಕೆಲಸ ನೋಡಿ, ಮನೆಯಲ್ಲಿ ಹೇಳಿಕೊಳ್ಳುವುದು ಹೇಗೆ! ಆ ಎಂಜಲು ಸುಮ್ಮನಿದ್ದಾಗ ಜೇನಿಗಿಂತ ಗಟ್ಟಿ. ರಭಸದಿಂದ ಬಡಿದರೆ ತಟ್ಟನೆ ನೀರಾಗುತ್ತದೆ. ಟೊಮೆಟೊ ಸಾಸಿನ ಬಾಟಲಿ ಬೋರಲು ಹಿಡಿದರೆ ಸಾಸ್ ಬರುವುದಿಲ್ಲ, ತಳಕ್ಕೆ ಎರಡು ಗುದ್ದು ಕೊಟ್ಟರೆ ಬುಳಕ್ಕನೆ ಬರುತ್ತದಲ್ಲ, ಅದೇ ಗುಣ. ನಾಲಿಗೆ ಹುಳಕ್ಕೆ ಬಡಿದ ಕ್ಷಣ ಎಂಜಲು ನೀರಾಗಿ ಹುಳದ ಸಂದುಗೊಂದಿಗೆಲ್ಲ ಹರಿದು ಸೇರಿಕೊಳ್ಳುತ್ತದೆ. ನಾಲಿಗೆ ಹಿಂತಿರುಗುವಾಗ ಮತ್ತೆ ಗಟ್ಟಿಯಾಗಿ ಹುಳವನ್ನು ಕಚ್ಚಿಹಿಡಿಯುತ್ತದೆ. ಇಷ್ಟೂ ಆಗುವುದು ಆ ಹತ್ತಿಪ್ಪತ್ತು ಚಿತ್ರಗಳೊಳಗೆ. ಹಿಡಿತದ ಬಲವನ್ನೂ ಅಳೆದಿದ್ದಾರೆ. ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಕ್ಲೈನ್‌ಟೈಶ್ ಮತ್ತು ಗೋರ್ಬ್ ಎಂಬ ಇಬ್ಬರು, ದಕ್ಷಿಣ ಅಮೆರಿಕದ ಕೊಂಬುಗಪ್ಪೆಯ ಮುಂದೆ ಗಾಜು ನಿಲ್ಲಿಸಿ, ಗಾಜಿನ ಹಿಂದೆ ಮಿಡತೆಯಂಥ ಕೀಟ ಹಿಡಿದು, ನಾಲಿಗೆ ಗಾಜಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ನೋಡಿದರು. ತನ್ನ ತೂಕಕ್ಕಿಂತ ಹೆಚ್ಚಿನ ಭಾರವನ್ನೂ ಎಳೆಯುವಷ್ಟು ಬಿಗಿ ಅದು. ನೀವು ನಾಲಿಗೆಯಿಂದ ನಿಮ್ಮ ಪಕ್ಕದ ಡೆಸ್ಕಿನ ಗೆಳೆಯನನ್ನು ಎತ್ತಿದ ಹಾಗೆ.

ಸರಿ, ಹುಳ ಬಾಯೊಳಗೆ ಬಂತು. ಎಂಜಲು ಗಟ್ಟಿಯಾಗಿ ಹಿಡಿದಿದೆ. ನೆಲಗಪ್ಪೆಗೆ ಹಲ್ಲು ಒಂದೂ ಇಲ್ಲ. ಈಗ ಬಿಡಿಸುವುದು ಹೇಗೆ?

ಮ್ಯಾನೇಜರ್ ನುಂಗುವಾಗ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಬರೀ ರೆಪ್ಪೆ ಮುಚ್ಚುವುದಲ್ಲ, ಉಬ್ಬಿದ ಕಣ್ಣುಗುಡ್ಡೆಗಳೇ ತಲೆಯೊಳಗೆ ಇಳಿದುಬಿಡುತ್ತವೆ. “ರುಚಿಯಾಗಿದೆ ಅಂತ ಹಾಗೆ ಮಾಡ್ತಾರೆ” ಎಂದು ಪುಟ್ಟಿ. “ಅಲ್ಲವೇ, ದೇವರಿಗೆ ನೈವೇದ್ಯ ತೋರಿಸಿ ಊಟ ಮಾಡ್ತಿದಾರೆ” ಎಂದು ಅವಳ ಅಜ್ಜಿ. ನಿಜ ಸಂಗತಿ ಈ ಎರಡಕ್ಕಿಂತಲೂ ವಿಚಿತ್ರವಾಗಿದೆ. ಕಪ್ಪೆಯ ಕಣ್ಣಿಗೂ ಬಾಯಿಯ ಮೇಲ್ಚಾವಣಿಗೂ ನಡುವೆ ಮೂಳೆಯಿಲ್ಲ. ಅದು ಕಣ್ಣುಗುಡ್ಡೆಗಳನ್ನು ಬಾಯೊಳಕ್ಕೆ ಒತ್ತಿ, ಅವುಗಳಿಂದ ಊಟವನ್ನು ಗಂಟಲಿಗೆ ತಳ್ಳುತ್ತದೆ! 2004ರಲ್ಲಿ ಅಮೆರಿಕದ ಸಂಶೋಧಕರು ಕಪ್ಪೆ ನುಂಗುವುದನ್ನು ಎಕ್ಸ್-ರೇ ಚಿತ್ರದಲ್ಲಿ ನೋಡಿ ಇದನ್ನು ಖಚಿತಪಡಿಸಿದರು. ಹೀಗೆ ಕಣ್ಣು ಒತ್ತಿ ಉಜ್ಜಿದಾಗ ಎಂಜಲು ಮತ್ತೆ ನೀರಾಗಿ ಹುಳವನ್ನು ಬಿಟ್ಟುಕೊಡುತ್ತದೆ ಎಂಬುದು ನೋಯೆಲ್ ಅವರ ವಿವರಣೆ. ನಮಗೆ ಕೊಬ್ಬರಿಎಣ್ಣೆ, ಕಪ್ಪೆಗೆ ಕಣ್ಣು.

ನೆಲಗಪ್ಪೆಗಳ ಮೇಲೆ ಇನ್ನೂ ಹೊಸ ಸುದ್ದಿಯಿದೆ. 2022ರಲ್ಲಿ ಫ್ಲಾರಿಡಾದ ಸಂಶೋಧಕರು ಕೇನ್ ಟೋಡ್ ಎಂಬ ದೊಡ್ಡ ನೆಲಗಪ್ಪೆ ಊಟ ಮಾಡುವುದನ್ನು ಎಕ್ಸ್-ರೇ ವಿಡಿಯೊ ತೆಗೆದರು. ಹುಳ ಹಿಡಿದ ನಾಲಿಗೆ ಬಾಯೊಳಗೆ ಬಂದು ನಿಲ್ಲುವುದಿಲ್ಲ. ಗಂಟಲೊಳಗೆ ಹೋಗಿ, ಇನ್ನೂ ಕೆಳಗಿಳಿದು, ಹೃದಯದ ಹತ್ತಿರದವರೆಗೂ ಹೋಗುತ್ತದೆ! ಅಲ್ಲಿಂದ ಮೇಲೆ ಬರುವಾಗ ಗಂಟಲಿನ ಒಂದು ಮೃದ್ವಸ್ಥಿಯ ತಟ್ಟೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹುಳವನ್ನು ಹೆರೆದು ತೆಗೆಯುತ್ತದೆ. ಈ ಸಂಗತಿ ಓದಿ ಹೇಳಿದಾಗ ಪುಟ್ಟಿ ಬಹಳ ಹೊತ್ತು ತನ್ನ ನಾಲಿಗೆಯನ್ನು ಗಂಟಲಿಗೆ ಮಡಚಲು ಪ್ರಯತ್ನಿಸಿ ಕೆಮ್ಮಿಕೊಂಡಳು. ನೀವು ಪ್ರಯತ್ನಿಸಬೇಡಿ.

ಇಷ್ಟೆಲ್ಲ ಆದ ಮೇಲೆ ಮೀನಿನ ತೊಟ್ಟಿಯ ಮಾತು ಉಳಿಯಲಿಲ್ಲ. ಓಡಾಡುವ ಹುಳವನ್ನೇ ದಿನಾ ಹಿಡಿದು ತರುವವರು ಯಾರು? ಆದರೆ ಪುಟ್ಟಿಯ ಅರ್ಧ ಪ್ರಶ್ನೆ ಹಾಗೇ ಇತ್ತು. “ಒಳಗೆ ಇಡೋ ಹಾಗಿಲ್ಲ, ಸರಿ. ಹೊರಗೆ ಸ್ಕೂಟರ್ ಬರತ್ತಲ್ಲ, ಅದಕ್ಕೇನು ಮಾಡೋದು?”

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಅವಳಿಗೇ. ಸಂಜೆ ಜಗಲಿಯಲ್ಲಿ ಕೂತು ನೋಡುತ್ತಾ, “ಅಜ್ಜ, ಹುಳ ಎಲ್ಲಿ ಬರತ್ತೆ?” ಅಂದಳು.

“ದೀಪ ಇದ್ದಲ್ಲಿ.”

“ದೀಪ ಎಲ್ಲಿದೆ?”

ಗೇಟಿನ ಕಂಬದ ಮೇಲಿದೆ. ರಸ್ತೆಯಿಂದ ಎರಡು ಹೆಜ್ಜೆ. ಆ ದೀಪ ಹಾಕಿಸಿದವನು ನಾನು, ದಿನಾ ಏಳು ಗಂಟೆಗೆ ಹೊತ್ತಿಸುವವನೂ ನಾನು. ದೀಪಕ್ಕೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಯ ಮೇಲೆ ಚಕ್ರ. ಸಾಹೇಬರನ್ನು ರಸ್ತೆ ಬದಿಗೆ ಊಟಕ್ಕೆ ಕರೆಯುತ್ತಿದ್ದವನು ನಾನೇ. ಆ ಹಪ್ಪಳವಾದ ಕಪ್ಪೆಯನ್ನೂ ನಾನೇ ಕರೆದಿದ್ದೆನೋ ಏನೋ.

ಅವತ್ತಿನಿಂದ ಗೇಟಿನ ದೀಪ ಹಾಕುವುದಿಲ್ಲ. ನೆಂಟರು ಬಂದರೆ ಟಾರ್ಚ್ ಹಿಡಿದು ಹೋಗುತ್ತೇನೆ. ಅದರ ಬದಲು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದೀಪ ಹಾಕುತ್ತೇವೆ. ಪುಟ್ಟಿ ಅಲ್ಲೊಂದು ಒಡೆದ ಹೂಕುಂಡವನ್ನು ಮಗುಚಿ ಬಾಗಿಲಿಟ್ಟ ಮನೆ ಮಾಡಿದ್ದಾಳೆ. ಅಗಲ ತಟ್ಟೆಯಲ್ಲಿ ನೀರಿಟ್ಟಿದ್ದಾಳೆ, ಕುಡಿಯಲು ಅಲ್ಲ, ಕೂರಲು. ಮ್ಯಾನೇಜರನ್ನು ಎತ್ತಿಕೊಂಡು ಹೋಗಿ ಅಲ್ಲಿ ಬಿಡೋಣವೆಂದಳು. ಬೇಡ, ತಾವೇ ದಾರಿ ಹುಡುಕಿ ಬರಲಿ ಎಂದೆ. (ನೆಲಗಪ್ಪೆಯನ್ನು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಲೇಬೇಕು, ಕಣ್ಣು ಬಾಯಿ ಮುಟ್ಟಿಕೊಳ್ಳಬಾರದು. ಅದರ ಕಣ್ಣಿನ ಹಿಂದಿನ ಎರಡು ಉಬ್ಬುಗಳಲ್ಲಿ ಉರಿ ತರುವ ವಿಷವಿದೆ. ಒಮ್ಮೆ ಕಚ್ಚಿದ ನಾಯಿ ಇನ್ನೊಮ್ಮೆ ಕಚ್ಚುವುದಿಲ್ಲ.)

ಮೂರು ಸಂಜೆ ಯಾರೂ ಬರಲಿಲ್ಲ. ದೀಪದ ಸುತ್ತ ಹುಳಗಳೇ ಹುಳಗಳು. ಹೂಕುಂಡ ಖಾಲಿ. ಪುಟ್ಟಿ ಊಟ ಬಿಟ್ಟು ಕಿಟಕಿಯಲ್ಲಿ ಕೂತಳು. ನಾನು ಬೆಳಿಗ್ಗೆ ಅವಳು ಏಳುವ ಮೊದಲೇ ಗೇಟಿನ ಆಚೆ ರಸ್ತೆಯನ್ನು ಒಂದು ಸುತ್ತು ನೋಡಿ ಬರುತ್ತಿದ್ದೆ.

ನಾಲ್ಕನೇ ಸಂಜೆ ಜೋರು ಮಳೆ ಬಂದು ನಿಂತಿತು. ಎಂಟು ಗಂಟೆಯ ಹೊತ್ತಿಗೆ ಒಗೆಯುವ ಕಲ್ಲಿನ ಪಕ್ಕ ಹೊಟ್ಟೆ ಊರಿಕೊಂಡು ಯಾರೋ ಕೂತಿದ್ದರು. ಅವರೇ ಎಂದು ಪುಟ್ಟಿ. ಎಡಗಣ್ಣಿನ ಪಕ್ಕದ ದೊಡ್ಡ ಗುಳ್ಳೆ ಅವಳಿಗೆ ಗುರುತಂತೆ. ನನ್ನ ಕನ್ನಡಕಕ್ಕೆ ಎಲ್ಲಾ ಗುಳ್ಳೆಯೂ ಒಂದೇ. “ಬಂದ್ರಾ ಸಾಹೇಬರು?” ಎಂದು ಒಳಗಿನಿಂದ ಅವಳ ಅಜ್ಜಿ ಕೇಳಿದಳು.

ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಮೂವರೂ ಹಿತ್ತಲ ಮೆಟ್ಟಿಲ ಮೇಲೆ ಕತ್ತಲಲ್ಲೇ ಕೂತೆವು. ಹೆಂಚಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಲ್ಲಿನ ಕಡೆಯಿಂದ ಕೇಳಿಸಿತು.

ಚಟ್.

“ಅಜ್ಜಾ,” ಪುಟ್ಟಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, “ಇಷ್ಟು ಕತ್ತಲಲ್ಲೂ ಅವರಿಗೆ ಹುಳ ಕಾಣತ್ತಾ?”

ಅದನ್ನು ಮುಂದಿನ ವಾರ ಬರೆಯುತ್ತೇನೆ.